19ನೇ ಶತಮಾನದ ಫ್ರಾನ್ಸಿನ ಹಳ್ಳಿ ಚಿತ್ರಗಳಲ್ಲಿ ದುಡಿಯುವ ಪ್ರಾಣಿಗಳಿಗೆ ಅಷ್ಟೊಂದು ಜಾಗ ಯಾಕೆ?

ಯಾಕಂದರೆ ರೈತರ ಮನೆಯಲ್ಲಿ ಅವೂ ಮನೆಯವರೇ ಆಗಿದ್ದವು.

ಕಲಾವಿದ ಮಿಲೆ 1861ರ ಸುಮಾರಿಗೆ ಬರೆದ ‘ಆಲೂಗಡ್ಡೆ ನೆಡುವವರು’ ಚಿತ್ರವನ್ನೇ ನೋಡಿ. ಈಗ ಅದು ಬಾಸ್ಟನ್ನಿನಲ್ಲಿದೆ. ಗಂಡ ಮಣ್ಣು ಅಗೆಯುತ್ತಿದ್ದಾನೆ, ಹೆಂಡತಿ ಗಡ್ಡೆ ಬಿಡುತ್ತಿದ್ದಾಳೆ. ಹಿಂದೆ ಮರದ ನೆರಳಲ್ಲಿ ಒಂದು ಕತ್ತೆ ಸುಮ್ನೆ ನಿಂತಿದೆ. ಅದರ ಪಕ್ಕದ ಬುಟ್ಟಿಯಲ್ಲಿ ಮಗು ಮಲಗಿದೆ. ಅಪ್ಪ, ಅಮ್ಮ, ಮಗು, ಕತ್ತೆ: ಇಡೀ ಸಂಸಾರ ಹೊಲದಲ್ಲೇ ಇದೆ, ಅಲ್ವಾ? ಮಿಲೆ ಕೂಡ ನಾರ್ಮಂಡಿಯ ರೈತರ ಮಗ. ಚಿಕ್ಕಂದಿನಲ್ಲಿ ಹೊಲದಲ್ಲಿ ದುಡಿದವನು. ಹಾಗಾಗಿ ಆ ಕತ್ತೆ ಅಲಂಕಾರಕ್ಕೆ ನಿಂತಂತೆ ಕಾಣುವುದಿಲ್ಲ.

ಇನ್ನೊಂದು ಕಾರಣ ರಾಜಕೀಯದ್ದು. 1848ರ ಕ್ರಾಂತಿಯ ನಂತರ ಫ್ರಾನ್ಸಿನಲ್ಲಿ ಗಂಡಸರಿಗೆಲ್ಲ ಮತದ ಹಕ್ಕು ಬಂತು. ಬಡ ರೈತನಿಗೂ ಬೆಲೆ ಬಂತು. ಅದೇ ವರ್ಷ ಸರ್ಕಾರ ರೋಸಾ ಬೋನರ್ ಎಂಬ ಕಲಾವಿದೆಗೆ ಉಳುಮೆಯ ಚಿತ್ರ ಬರೆಯಲು ಹೇಳಿತು. 1849ರಲ್ಲಿ ಮುಗಿದ ‘ನಿವರ್ನೆಯ ಉಳುಮೆ’ (ನಿವರ್ನೆ ಫ್ರಾನ್ಸಿನ ಒಂದು ಪ್ರದೇಶ) ಈಗ ಪ್ಯಾರಿಸ್ಸಿನ ಒರ್ಸೆ ಮ್ಯೂಸಿಯಂನಲ್ಲಿದೆ. ಸುಮಾರು ಎರಡೂವರೆ ಮೀಟರ್ ಅಗಲ. ನೇಗಿಲು ಎಳೆಯುವ ಎತ್ತುಗಳ ಸಾಲೇ ಚಿತ್ರದ ತುಂಬ ಇದೆ. ಜನ ಅವುಗಳ ಹಿಂದೆ ಮರೆಯಾಗಿದ್ದಾರೆ. ತಿರುವಿ ಹಾಕಿದ ಹಸಿ ಮಣ್ಣು, ಎತ್ತಿನ ಬಾಯಿಂದ ಇಳಿಯುವ ಜೊಲ್ಲು ಎಲ್ಲವನ್ನೂ ಬಿಡಿಸಿದ್ದಾಳೆ. ನನಗೆ ಜಾಸ್ತಿ ಇಷ್ಟವಾಗುವುದು ನಮ್ಮ ಕಡೆಗೇ ತಿರುಗಿ ನೋಡುವ ಆ ಒಂದು ಎತ್ತಿನ ಕಣ್ಣು.