ಪ್ರತಿಕ್ರಿಯೆ: ಶಿಗ್ಗಾವಿ, 67 ವರ್ಷದ ಅವ್ವನಿಗೆ ಹಲ್ಲಿನ ಸೆಟ್

ಆಯುಷ್ಮಾನ್ ಕಾರ್ಡಿನಲ್ಲಿ ನಿಮ್ಮ ಅವ್ವಾರಿಗೆ ಹಲ್ಲಿನ ಸೆಟ್ ಆಗಲ್ಲ ಅಂದ್ರು ಅಂತ ಬರೆದಿದ್ದೀರಿ. ಅದು ಬಹುಶಃ ಯೋಜನೆಯೇ ಬೇರೆ ಅನ್ನೋ ಕಾರಣಕ್ಕೆ. ಸೆಟ್ ಕೊಡೋದು ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆ. ಅದಕ್ಕೆ ಬಿಪಿಎಲ್ ಕಾರ್ಡ್ ಮತ್ತು ವಯಸ್ಸು ನೋಡ್ತಾರೆ. 67 ಅಂದ್ರೆ ವಯಸ್ಸಿನ ತೊಂದರೆ ಇಲ್ಲ.

ಮೊದಲು ರೇಷನ್ ಕಾರ್ಡಿನಲ್ಲಿ ಅವರ ಹೆಸರು ಇದೆಯಾ, ಆಧಾರ್‌ಗೆ ಹೊಂದುತ್ತಾ ನೋಡಿ. ಹೆಸರು ತಪ್ಪಿದ್ದರೆ ಈಗಲೇ ಸರಿಮಾಡಿಸಿ, ಈ ವಯಸ್ಸಲ್ಲಿ ಅವರನ್ನ ಸುಮ್ನೆ ಓಡಾಡಿಸೋದು ಬೇಡ.

ಆಮೇಲೆ ಎರಡರದ್ದೂ ಜೆರಾಕ್ಸ್ ಹಿಡಿದು ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರಿಗೆ ತೋರಿಸಿ, "ದಂತಭಾಗ್ಯಕ್ಕೆ ಚೀಟಿ ಬರೆದುಕೊಡಿ" ಅಂತ ಹೆಸರು ಹೇಳಿಯೇ ಕೇಳಿ. ಅಲ್ಲಾಡುವ ಎರಡು ಹಲ್ಲು ಉಳಿದಿವೆ ಅಂದಿರಲ್ವಾ, ಡಾಕ್ಟರು ಕೀಳಬೇಕು ಅಂದ್ರೆ ಅಲ್ಲೇ ಮೊದಲೇ ಕೀಳಿಸಿ ಗಾಯ ಮಾಯಲು ಬಿಡಿ, ಯಾಕಂದ್ರೆ ವಸಡು ಪೂರ್ತಿ ಮಾಯದೆ ಅಳತೆ ತೆಗೆದರೆ ಆಮೇಲೆ ವಸಡು ಇಳಿದು, ಸೆಟ್ ಸಡಿಲಾಗಿ, ರೊಟ್ಟಿ ಕಡಿಯುವಾಗ ಜಾರುತ್ತೆ. ಬಿಪಿ, ಶುಗರ್ ಮಾತ್ರೆ ಇದ್ದರೆ ಕೀಳಿಸೋ ಮೊದಲೇ ಹೇಳಿ.

ಸೆಟ್ ತಯಾರಾಗೋದು ದಂತ ಕಾಲೇಜಿನಲ್ಲಿ. ನಿಮಗೆ ಹತ್ತಿರದ್ದು ಹುಬ್ಬಳ್ಳಿ-ಧಾರವಾಡ ದಾರಿಯಲ್ಲಿರೋ ಸತ್ತೂರಿನದು, ಹುಬ್ಬಳ್ಳಿಯಲ್ಲಿ ಧಾರವಾಡದ ಚಿಗರಿ ಬಸ್ ಹತ್ತಿದರೆ ಆಯ್ತು. ಅಳತೆ, ಕಚ್ಚಿಸಿ ನೋಡೋದು, ಟ್ರಯಲ್ ಅಂತ ನಾಲ್ಕೈದು ಸಲವಾದರೂ ಹೋಗಬೇಕಾಗಬಹುದು. ಎಷ್ಟು ದಿನ ಅನ್ನೋದು ಅಲ್ಲಿನ ಪಾಳಿ ಮೇಲೆ. ಅದಕ್ಕೇ ಯಾವ ಕಾಲೇಜು, ಯಾವ ದಿನ ಅನ್ನೋದನ್ನ ಚೀಟಿಯಲ್ಲೇ ಬರೆಸಿಕೊಂಡು ಹೊರಡಿ.