ಏಳಿಗೆ ತೆರೆಯ ಮೇಲೆ ಏಕಿಲ್ಲ?

ದಾವಣಗೆರೆಯ ಓದುಗರೊಬ್ಬರ ಪತ್ರ: ‘ನೀವು ಮೆಚ್ಚಿ ಬರೆದಿದ್ದ ಸ್ಪ್ಯಾನಿಷ್ ಚಿತ್ರ “ಸೆಗುಂದೊ ಪ್ರೆಮಿಯೊ” ನೋಡಿದೆ. ಬೆಳೆಯುತ್ತಿರುವ ರಾಕ್ ತಂಡದ ಕತೆ ಎಂದಿದ್ದಿರಿ. ಅಲ್ಲಿ ಕಂಡದ್ದು ಮುನಿಸು, ಅಮಲು, ಒಡೆದ ಸ್ನೇಹ. ಜೊತೆಗೆ, ಇದು ಲೋಸ್ ಪ್ಲಾನೆಟಾಸ್ ತಂಡದ ಚಿತ್ರವಲ್ಲ ಎಂದು ಶುರುವಿನಲ್ಲೇ ಹೇಳಿ, ಮುಂದೆ ಅವರದೇ ಕತೆ ತೋರಿಸುತ್ತಾರೆ. ಇದು ಪ್ರೇಕ್ಷಕರಿಗೆ ಮಾಡಿದ ಮೋಸವಲ್ಲವೇ?’

ಸಂಪಾದಕರ ಉತ್ತರ:

ಮಾನ್ಯರೇ, ಮೋಸದ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಲೋಸ್ ಪ್ಲಾನೆಟಾಸ್ ಗ್ರಾನಾಡಾ ನಗರದ ನಿಜವಾದ ರಾಕ್ ತಂಡ; ಅದರ ಬಗ್ಗೆ ಸ್ಪೇನಿನಲ್ಲಿ ಹಬ್ಬಿರುವ ಕತೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಯಾವುದು ನಡೆದದ್ದು, ಯಾವುದು ಅಭಿಮಾನಿಗಳು ಕಟ್ಟಿದ್ದು ಎಂದು ಬೇರ್ಪಡಿಸಲು ನಿರ್ದೇಶಕರಾದ ಇಸಾಕಿ ಲಾಕುವೆಸ್ತಾ ಮತ್ತು ಪೋಲ್ ರೊಡ್ರೀಗೆಸ್ ಹೊರಡುವುದಿಲ್ಲ. ಗಾಯಕನಿಗೂ ಗಿಟಾರ್ ವಾದಕನಿಗೂ ಅವರು ಹೆಸರು ಕೊಟ್ಟಿಲ್ಲ. ಒಂದೇ ಕಾಲವನ್ನು ಒಬ್ಬೊಬ್ಬರ ದನಿ ಒಂದೊಂದು ಬಗೆಯಲ್ಲಿ ನೆನೆಯುತ್ತದೆ. ನಾವು ನೋಡಲಿರುವುದು ದಂತಕತೆಯನ್ನು ಎಂದು ಮೊದಲೇ ತಿಳಿಸಿದ್ದನ್ನು ನಾನು ಪ್ರಾಮಾಣಿಕತೆ ಎಂದೇ ಕರೆಯುತ್ತೇನೆ. ಬದುಕಿರುವ ಕಲಾವಿದರ ಬಗ್ಗೆ ‘ಸತ್ಯಕತೆ’ ಎಂಬ ಹಣೆಪಟ್ಟಿ ಹಚ್ಚಿಕೊಂಡು ಬರುವ ಎಷ್ಟೋ ಚಿತ್ರಗಳಿಗೆ ಇಷ್ಟು ಸಂಕೋಚವೂ ಇರುವುದಿಲ್ಲ.

ಏಳಿಗೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಚಿತ್ರ ನಡೆಯುವುದು 1990ರ ದಶಕದ ಕೊನೆಯಲ್ಲಿ. ಬಾಸ್ ಗಿಟಾರ್ ನುಡಿಸುತ್ತಿದ್ದ ಮೇ ಎಂಬಾಕೆ ತಂಡ ಬಿಟ್ಟಿದ್ದಾಳೆ. ಗಿಟಾರ್ ವಾದಕ ಮಾದಕ ವಸ್ತುಗಳಲ್ಲಿ ಮುಳುಗಿದ್ದಾನೆ. ಹಾಗಿದ್ದೂ ಮೂರನೆಯ ಆಲ್ಬಮ್ಮನ್ನು ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಬೇಕೆಂಬ ಹಟ ಗಾಯಕನದು. 1998ರಲ್ಲಿ ಹೊರಬಂದ ಆ ಆಲ್ಬಮ್ ಸ್ಪೇನಿನ ಸ್ವತಂತ್ರ ರಾಕ್ ಸಂಗೀತದ ಹೆಗ್ಗುರುತಾಯಿತು. ಅದರ ಮೊದಲ ಹಾಡಿನ ಹೆಸರೇ ಚಿತ್ರದ ಹೆಸರು. ಈ ಗೆಲುವು ಸ್ಪೇನಿನ ಪ್ರೇಕ್ಷಕರಿಗೆ ಗೊತ್ತಿರುವುದರಿಂದ ನಿರ್ದೇಶಕರು ಅದನ್ನು ತೋರಿಸುವ ಗೋಜಿಗೆ ಹೋಗಿಲ್ಲ. ಕರ್ಣನ ಕೊನೆ ಗೊತ್ತಿದ್ದೇ ನಾವು ಕರ್ಣನ ಪ್ರಸಂಗಕ್ಕೆ ಕುಳಿತುಕೊಳ್ಳುವುದಿಲ್ಲವೇ, ಹಾಗೆ. ಆ ಹಿನ್ನೆಲೆ ಇಲ್ಲದೆ ನೋಡಿದ ನಿಮಗೆ ಬರೀ ಕುಸಿತವೇ ಕಂಡದ್ದು ಸಹಜ.

ನನ್ನನ್ನು ಹಿಡಿದಿಟ್ಟದ್ದು ಆ ಕುಸಿತದ ನಡುವೆ ಹಾಡು ಹುಟ್ಟುವ ರೀತಿ. ಪಾತ್ರಧಾರಿಗಳಲ್ಲಿ ಹಲವರು ನಿಜಕ್ಕೂ ಸಂಗೀತಗಾರರು. ವಾದ್ಯ ಹಿಡಿದ ಕೈಗಳಲ್ಲಿ ನಟನೆಯ ಬಿಗಿತವಿಲ್ಲ. ಎದುರೆದುರು ಕುಳಿತು ಹೇಳಿಕೊಳ್ಳಲಾರದ ಪ್ರೀತಿ, ಸಿಟ್ಟು ಎಲ್ಲವನ್ನೂ ಇಬ್ಬರು ಗೆಳೆಯರು ಗಿಟಾರಿನ ಗದ್ದಲಕ್ಕೆ ಒಪ್ಪಿಸುತ್ತಾರೆ. ಮೇ ಪಾತ್ರವಂತೂ ನನಗೆ ಎಲ್ಲರಿಗಿಂತ ಹತ್ತಿರ. ಹೊರಟುಹೋದವಳನ್ನು ಚಿತ್ರ ಮರೆಯುವುದಿಲ್ಲ, ದೂರುವುದೂ ಇಲ್ಲ.

ಗ್ರಾನಾಡಾದ ಹಿನ್ನೆಲೆಯನ್ನೂ ಗಮನಿಸಿ. ಅದು ಕವಿ ಲೋರ್ಕಾ ಅವರ ನಾಡು. ಅವರೂ 1929ರಲ್ಲಿ ನ್ಯೂಯಾರ್ಕಿಗೆ ಹೋಗಿ, ತಮ್ಮ ತೀರ ಬೇಗುದಿಯ ಕವಿತೆಗಳನ್ನು ಅಲ್ಲಿ ಬರೆದರು. ಅದೇ ಊರಿನ, ಫ್ಲಮೆಂಕೊ ಎಂಬ ಸ್ಪೇನಿನ ಸಾಂಪ್ರದಾಯಿಕ ಸಂಗೀತದ ಗಾಯಕ ಎನ್ರಿಕೆ ಮೊರೆಂತೆ 1996ರಲ್ಲಿ ರಾಕ್ ತಂಡವೊಂದರ ಜೊತೆ ಆ ಕವಿತೆಗಳನ್ನು ಹಾಡಿದರು. ಆಗ ಡ್ರಮ್ಸ್ ನುಡಿಸಿದ ಎರಿಕ್ ಹಿಮೆನೆಸ್ ಅವರೇ ಮುಂದೆ ಲೋಸ್ ಪ್ಲಾನೆಟಾಸ್ ಸೇರಿದರು.

2024ರಲ್ಲಿ ಸ್ಪೇನಿನ ಮಾಲಗಾ ಚಿತ್ರೋತ್ಸವದಲ್ಲಿ ‘ಸೆಗುಂದೊ ಪ್ರೆಮಿಯೊ’ ಅತ್ಯುತ್ತಮ ಸ್ಪ್ಯಾನಿಷ್ ಚಿತ್ರವೆನಿಸಿತು. ಆಸ್ಕರ್ ಸ್ಪರ್ಧೆಗೆ ಸ್ಪೇನ್ ಕಳುಹಿಸಿದ್ದೂ ಇದನ್ನೇ. ಪ್ರಶಸ್ತಿಯ ಮಾತಿಗೆ ಮಣಿದು ನಿಮ್ಮ ಅಭಿಪ್ರಾಯ ಬದಲಿಸಿಕೊಳ್ಳಬೇಕಿಲ್ಲ. ಆದರೆ ಆ ಆಲ್ಬಮ್ಮನ್ನು ಒಮ್ಮೆ ಮೊದಲಿನಿಂದ ಕೊನೆಯವರೆಗೆ ಕೇಳಿ, ಚಿತ್ರವನ್ನು ಮತ್ತೊಮ್ಮೆ ನೋಡಿ. ಆಮೇಲೂ ನಿಮ್ಮ ತಕರಾರು ಉಳಿದಿದ್ದರೆ ವಿವರವಾಗಿ ಬರೆದು ಕಳುಹಿಸಿ. ಅದನ್ನು ಪತ್ರವಾಗಿ ಅಲ್ಲ, ಲೇಖನವಾಗಿಯೇ ಪ್ರಕಟಿಸುತ್ತೇವೆ.