ಕುಮಾಸಿಯಲ್ಲಿ ಬಟ್ಟೆ ಕೊಳ್ಳುವಾಗ ಅದರ ಹೆಸರು ಕೇಳಿ

ಘಾನಾದ ಕುಮಾಸಿಗೆ ಬಂದು ಮೂರೇ ವಾರ ಆಯ್ತು, ಮನೆ ಓನರಮ್ಮನ ತಾಯಿ ತೀರಿಕೊಂಡಿದ್ದಾರೆ, ಶನಿವಾರ ಅಂತ್ಯಕ್ರಿಯೆಗೆ ಕರೆದಿದ್ದಾರೆ, ಏನು ಉಡಲಿ, ಮಾರ್ಕೆಟ್ಟಲ್ಲಿ ನೋಡಿದ ಹಕ್ಕಿ ಅಚ್ಚಿನ ಬಟ್ಟೆ ನಡೆಯುತ್ತಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಇಲ್ಲಿ ಸಾವಿನ ಮನೆಗೆ ಕರೆದರು ಅಂದ್ರೆ ನಿಮ್ಮನ್ನು ಮನೆಯವರ ಹಾಗೆ ನೋಡಿದ್ದಾರೆ ಅಂತ ಅರ್ಥ.

ಮೊದಲು ಬಣ್ಣ. ಚಿತ್ರ ಆಮೇಲೆ. ಕಪ್ಪು, ಕಡುಕೆಂಪು, ಕಂದು ಇವು ದುಃಖದ ಬಣ್ಣಗಳು. ಕೆಂಪು ಹೆಚ್ಚಾಗಿ ಹತ್ತಿರದ ಸಂಬಂಧಿಕರಿಗೆ, ನಿಮಗೆ ಕಪ್ಪು ಸಾಕು. ತುಂಬು ಜೀವನ ನಡೆಸಿದ ಹಿರಿಯರಾದರೆ ಕಪ್ಪು ಬಿಳುಪು ಸೇರಿದ ಬಟ್ಟೆಯನ್ನೂ ಉಡುತ್ತಾರೆ, ಅದಕ್ಕೇ ಓನರಮ್ಮನನ್ನು ಒಂದು ಮಾತು ಕೇಳಿಬಿಡಿ. ನಾನು ಬಂದ ಮೊದಲ ವರ್ಷ ಪಕ್ಕದ ಮನೆ ಮಗುವಿನ ನಾಮಕರಣಕ್ಕೆ, ಎಂಟನೇ ದಿನ ಮಾಡ್ತಾರೆ, ನಮ್ಮ ರೂಢಿಯಂತೆ ಕೆಂಪು ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಎಲ್ಲರೂ ಬಿಳಿ ಉಟ್ಟಿದ್ದರು. ಮಗುವಿನ ಅಜ್ಜಿ ಹತ್ತಿರ ಬಂದು ಕೈ ಹಿಡಿದು, ನಿಮ್ಮ ಮನೆಯಲ್ಲಿ ಯಾರಾದರೂ ಹೋದರಾ ಅಮ್ಮಾ ಅಂತ ಮೆಲ್ಲಗೆ ಕೇಳಿದರು. ಆ ಕೈ ಇವತ್ತಿಗೂ ನೆನಪಿದೆ.

ನೀವು ನೋಡಿದ ಹಕ್ಕಿ ಕತ್ತು ಹಿಂದಕ್ಕೆ ತಿರುಗಿಸಿಕೊಂಡಿತ್ತು ಅಲ್ವಾ? ಅದು ಸಂಕೋಫಾ. ಮರೆತು ಬಂದದ್ದನ್ನು ಹಿಂದಿರುಗಿ ಹೋಗಿ ತಂದರೆ ತಪ್ಪಿಲ್ಲ ಅನ್ನೋ ಗಾದೆಯ ಚಿತ್ರ. ಬಟ್ಟೆಯ ಬಣ್ಣ ಸರಿಯಿದ್ದರೆ ಧಾರಾಳವಾಗಿ ಉಡಿ. ಇಂಥ ಚಿತ್ರಗಳಿಗೆ ಅಡಿಂಕ್ರಾ ಅಂತಾರೆ, ಮೊದಲು ಇದು ಸಾವಿನ ಮನೆಗೇ ಉಡುತ್ತಿದ್ದ ಬಟ್ಟೆ. ಏಣಿ ಚಿತ್ರ ಕಂಡರೆ ಅದು ಸಾವಿನ ಏಣಿ, ಅದನ್ನು ಒಬ್ಬರೇ ಹತ್ತುವುದಿಲ್ಲ, ಎಲ್ಲರೂ ಹತ್ತಲೇಬೇಕು. ಅಂಗಡಿ ಬೋರ್ಡು, ಟ್ಯಾಕ್ಸಿ, ಪ್ಲಾಸ್ಟಿಕ್ ಕುರ್ಚಿ ಎಲ್ಲದರ ಮೇಲೂ ಕಾಣೋದು ಜೆ ನ್ಯಾಮೆ, ದೇವರೊಬ್ಬನ ಹೊರತು ಇನ್ನಾರೂ ಇಲ್ಲ ಅಂತ.

ಬಿಡುವಾದಾಗ ಅಡಿಂಕ್ರಾ ಅಚ್ಚೊತ್ತುವ ಊರು ಎನ್‌ಟೊನ್ಸೊಗೆ ಹೋಗಿ ಬನ್ನಿ, ಇಲ್ಲಿಂದ ಸುಮಾರು 20 ಕಿಲೋಮೀಟರ್. ಅಚ್ಚಿನ ಬಣ್ಣಕ್ಕೆ ಮರದ ತೊಗಟೆಯನ್ನು ಒರಳಲ್ಲಿ ಕುಟ್ಟಿ, ನೆನೆಸಿ, ಗಂಟೆಗಟ್ಟಲೆ ಕುದಿಸುತ್ತಾರೆ, ಕೊನೆಗೆ ಅದು ಜೋನಿಬೆಲ್ಲದಷ್ಟು ದಪ್ಪ ಆಗುತ್ತೆ. ಅಚ್ಚು ಕೊರೆಯೋದು ಒಣಗಿದ ಸೋರೆ ಬುರುಡೆಯ ಚೂರಿನಲ್ಲಿ. ಬುರುಡೆ ಬಾಗಿರುತ್ತೆ ನೋಡಿ, ಅದಕ್ಕೇ ಅಚ್ಚನ್ನು ಒಂದೇ ಸಲ ಒತ್ತುವುದಿಲ್ಲ, ಈ ಅಂಚಿಂದ ಆ ಅಂಚಿಗೆ ತೊಟ್ಟಿಲು ತೂಗಿದ ಹಾಗೆ ಹೊರಳಿಸುತ್ತಾರೆ. ಹಾಗೆ ಒತ್ತಿದ ಎರಡು ಗುರುತು ಒಂದೇ ತರ ಇರಲ್ಲ, ಅದೇ ಅದರ ಚಂದ. ಪ್ರಿಂಟ್ ಬಟ್ಟೆ ಅಗ್ಗ ಅಂತ ಅದನ್ನಷ್ಟೇ ಕೊಳ್ಳಬೇಡಿ, ಕೈಯಲ್ಲಿ ಅಚ್ಚೊತ್ತಿದ್ದು ಒಂದಾದರೂ ನಿಮ್ಮ ಹತ್ತಿರ ಇರಲಿ.

ಕೆಂಟೆ ಬೇರೆ. ಅದು ನೇಯ್ದದ್ದು, ಸುಮಾರು ನಾಲ್ಕು ಇಂಚು ಅಗಲದ ಪಟ್ಟಿಗಳನ್ನು ಜೋಡಿಸಿ ಹೊಲಿಯುತ್ತಾರೆ, ಬೊನ್‌ವಿರೆ ಊರಿನದು ಹೆಸರುವಾಸಿ. ಬಣ್ಣಬಣ್ಣದ ಕೆಂಟೆ ಸಂತೋಷದ ದಿನಕ್ಕೆ, ಶನಿವಾರಕ್ಕೆ ಬೇಡ. ಅದರಲ್ಲೂ ಪ್ರತಿ ನಮೂನೆಗೆ ಹೆಸರಿದೆ. ಸ್ವತಂತ್ರ ಘಾನಾದ ಮೊದಲ ನಾಯಕ ಎನ್‌ಕ್ರುಮಾ ಈಜಿಪ್ಟಿನ ಫಾತಿಯಾ ಅವರನ್ನು ಮದುವೆಯಾದಾಗ ಒಂದಕ್ಕೆ 'ಫಾತಿಯಾ ಎನ್‌ಕ್ರುಮಾಗೆ ತಕ್ಕವಳು' ಅಂತ ಹೆಸರಾಯಿತು. 1966ರಲ್ಲಿ ಸೇನೆ ಎನ್‌ಕ್ರುಮಾ ಅವರನ್ನು ಅಧಿಕಾರದಿಂದ ಇಳಿಸಿದ ಮೇಲೆ ಅದೇ ನಮೂನೆ 'ಒಬ್ಬನೇ ನಾಡಾಳಲಾರ' ಆಯಿತು. ಒಂದು ಎಳೆಯೂ ಬದಲಾಗಲಿಲ್ಲ!

ಇನ್ನು ಸಾಮಾನ್ಯ ಪ್ರಿಂಟ್ ಬಟ್ಟೆಗೂ ಹೆಸರಿರುತ್ತೆ, ಅಂಗಡಿಯ ಅಮ್ಮಂದಿರಿಗೆ ಬಾಯಿಪಾಠ. 'ಒಳ್ಳೆ ಮಣಿ ಸದ್ದು ಮಾಡಲ್ಲ' ಅಂತ ಒಂದು ಬಟ್ಟೆ ಇದೆ. ನಮ್ಮ ತುಂಬಿದ ಕೊಡ ತುಳುಕುವುದಿಲ್ಲ ಅಂದ ಹಾಗೇ ಅಲ್ವಾ? ಅರ್ಥ ಕೇಳಿದರೆ ಖುಷಿಯಿಂದ ಹೇಳ್ತಾರೆ, ಸುಮ್ನೆ ಚೌಕಾಸಿ ಮಾಡಿ ಎದ್ದು ಬರಬೇಡಿ.

ಇನ್ನೊಂದು ವಿಷಯ. ಅಂತ್ಯಕ್ರಿಯೆಯಲ್ಲಿ ಎನ್ಸಾವಾ ಅಂತ ಹಣ ಕೊಡಬೇಕು, ನಮ್ಮ ಮುಯ್ಯಿ ಇದ್ದ ಹಾಗೆ. ಬಲಗೈಯಲ್ಲೇ ಕೊಡಿ, ಎಡಗೈ ಇಲ್ಲೂ ಆಗಲ್ಲ. ಹೊಲಿಸೋಕೆ ಎರಡು ದಿನ ಬೇಕಾಗುತ್ತೆ, ನಾಳೆನೇ ಕೆಜೇಟಿಯಾ ಮಾರ್ಕೆಟ್ಟಿಗೆ ಹೋಗಿ. ಒಬ್ಬರೇ ಹೋಗೋಕೆ ಅಳುಕಾದರೆ ಹೇಳಿ, ನಾನೂ ಬರ್ತೇನೆ.